ಬಿಲ್ಲಿನ ಕೆಳಗಿನ ಸಾಲು

ಮೂವತ್ತೊಂದು ವರ್ಷ ಆ ಸಾಲು ನಾನ ಅಚ್ಚು ಹಾಕೀನಿ.
ಮೊದಲು ಮೊಳೆ ಜೋಡಿಸಿ, ಆಮ್ಯಾಲ ಆಫ್‌ಸೆಟ್ಟಿನಾಗ,
ಈಗ ಹುಡುಗನ ಕಂಪ್ಯೂಟರಿನಾಗ ಕಾಯಂ ಕುಂತೈತಿ,
ಒಂದು ಗುಂಡಿ ಒತ್ತಿದರ ತಾನ ಬರತೈತಿ:
'ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ.'

ಗದಗಿನ ಯಾವ ಅಂಗಡಿಗೆ ಬೇಕಾದ್ರೂ ಹೋಗ್ರಿ,
ಸ್ಟೇಶನ್ ರೋಡಿನ ಸೀರಿ, ಟಾಂಗಾಕೂಟದ ಚಪ್ಪಲಿ,
ಬೆಟಗೇರಿಯ ಪಾತ್ರೆ.
ಬಿಲ್ಲಿನ ಮ್ಯಾಲ ಅವರವರ ಮನಿದೇವರು,
ಬಿಲ್ಲಿನ ಕೆಳಗ ನನ್ನ ಸಾಲು.
ಸಣ್ಣ ಅಕ್ಷರ. ಕನ್ನಡಕ ಇದ್ದವರೂ ಓದೂದಿಲ್ಲ.
ಅದಕ್ಕ ಬಲ ಇರಲಿಲ್ಲ, ನನಗೂ ಗೊತ್ತಿತ್ತು.
ಹೊಲದಾಗಿನ ಬೆದರುಗೊಂಬಿ,
ಹೆದರಿದವರಿಗಷ್ಟ ಅದರ ಕೈಯಾಗ ಕೋಲು.

ಹೋದ ಮಳಿಗಾಲದಾಗ ಸರಕಾರ ಹೊಸ ಕಾಯ್ದೆ ತಂತು:
ಬಿಲ್ಲಿನ ಮ್ಯಾಲ ಏನು ಬರದೈತೋ ಅದ ಕರಾರು,
ಬಿಲ್ಲು ಇಸಕೊಂಡರ ಗಿರಾಕಿ ಒಪ್ಪಿದಂಗ.
ಬೆದರುಗೊಂಬಿಗೆ ಜೀವ ಬಂತು.
ಆ ವಾರ ನನಗ ಹನ್ನೊಂದು ಆರ್ಡರು ಜಾಸ್ತಿ.
ಸುಳ್ಳು ಯಾಕ ಹೇಳಲಿ,
ಪೇಢೆ ತರಿಸಿ ಹಂಚಿದೆ.

ಕಲ್ಲವ್ವ ಬಿಂಕದಕಟ್ಟಿ ಬಂದಾಗ
ಅಕಿ ಕೈಯಾಗ ಎರಡು ಕಾಗದ.
ಒಂದು, ರೊಟ್ಟಿ ಮಶೀನಿನ ಬಿಲ್ಲು. ಎಂಬತ್ತಾರು ಸಾವಿರ.
ಸಂಘದ ಸಾಲ, ಹತ್ತು ಹೆಣ್ಮಕ್ಕಳ ಜಾಮೀನು.
ಒಂಬತ್ತು ದಿನ ತಿರುಗಿತಂತ.
ಹತ್ತನೇ ದಿನ ಸುಟ್ಟ ಹಿಟ್ಟಿನ ವಾಸನಿ,
ಒಂದು ಸದ್ದು,
ಆಮ್ಯಾಲ ಬರೇ ಕಬ್ಬಿಣ.
ಅಂಗಡಿಯಂವ ಬಿಲ್ಲಿನ ತಳಕ್ಕ ಬೆರಳು ಇಟ್ಟು ತೋರಿಸಿದನಂತ.
'ಇದನ್ನ ಅಚ್ಚು ಹಾಕಿದವ್ರು ನೀವ ಅಲ್ಲೇನ್ರಿ?'
ಮೂಲಿಯಾಗ, ಇನ್ನೂ ಸಣ್ಣ ಅಕ್ಷರದಾಗ, ನನ್ನ ಪ್ರೆಸ್ಸಿನ ಹೆಸರು.
ಹೌದಂದೆ.
ಬೈತಾಳ ಅಂತ ಕುಂತೆ.
ಅಕಿ ಎರಡನೇ ಕಾಗದ ಮುಂದ ಮಾಡಿದ್ಳು:
'ಐದು ಸಾವಿರ ಕರಪತ್ರ. ಎಷ್ಟಾಗತೈತಿ?
ಉದ್ರಿ ಬ್ಯಾಡ.'

ಮರುದಿನ ಮುಂಜಾನೆ ಗಂಟು ಒಯ್ದ್ಳು. ಸಂಜಿಕ ತಿರುಗಿ ಬಂದ್ಳು,
ಹಿಂದ ಸಂಘದ ಮೂವರು, ನಗು ತಡಕೊಂಡು ಮಾರಿ ಕೆಂಪು.
'ಓದ್ರಿ' ಅಂದ್ಳು.
ದಪ್ಪ ಅಕ್ಷರ, ಕೆಂಪು ಮಸಿ:
'ಈ ಕಾಯ್ದೆಯನ್ನು ಕೂಡಲೇ ಮುದ್ದು ಮಾಡಿರಿ.'
'ರ' ಇರೂ ಜಾಗಾದಾಗ 'ಮು'.
ಹುಡುಗನ ಬೆರಳು ಎಲ್ಲಿತ್ತೋ, ಮನಸು ಯಾರ ಹತ್ರ ಇತ್ತೋ.
ನನ್ನ ಬಾಯಿಗೆ ಮೂವತ್ತೊಂದು ವರ್ಷದ ಚಟ,
'ಅವ್ವಾರ, ಒಮ್ಮೆ...' ಅಂದೆ.
ಮುಂದಿನ ಮಾತು ಹೊರಗ ಬರಲಿಲ್ಲ.
ಅಕಿ ಕಾಯಾಕಹತ್ತಿದ್ಳು.
ಗ್ವಾಡಿ ಮ್ಯಾಲ ಹಲ್ಲಿ ಲೊಚಗುಟ್ಟಿತು.

ರಾತ್ರಿ ಹನ್ನೆರಡರ ತನಕ ಮತ್ತ ಐದು ಸಾವಿರ ಹೊಡದೆ.
ಕಾಗದ ನಂದು, ಮಸಿ ನಂದು, ಕರೆಂಟು ನಂದು.
ಅವರು ಅಲ್ಲೇ ಕುಂತು ಎಣಿಸಿ ಗಂಟು ಕಟ್ಟಿದರು,
ಬುತ್ತಿಯೊಳಗಿಂದ ನನಗೂ ಒಂದು ರೊಟ್ಟಿ ಕೊಟ್ಟರು.
ಕೈಲೆ ಬಡದದ್ದು.

ಮುಳಗುಂದ ನಾಕಾ, ಲಕ್ಕುಂಡಿ ಬಸ್ಸು, ಸೋಮವಾರದ ದವಾಖಾನಿ ಪಾಳಿ,
ಗಿರಣಿಯಾಗ ಹಿಟ್ಟು ಹತ್ತಿದ ಬೆರಳಿಲೆ ಸಹಿ.
ಸೀರಿ ಅಂಗಡಿ ಸಾಹುಕಾರನ ಹೆಂಡ್ತಿ
ಹಿತ್ತಲ ಬಾಗಲಿಂದ ಬಂದು ಸಹಿ ಹಾಕಿದ್ಳಂತ,
ಅಕಿ ಮಿಕ್ಸರೂ ಕೆಟ್ಟಿತ್ತು.
ಹತ್ತು ಸಾವಿರದ ನಾಕು ನೂರಾ ಹನ್ನೆರಡು.
ಬೆಂಗಳೂರಿಗೆ ಹೊತ್ತು ಕೊಟ್ಟು ಬಂದರು.
ರಬ್ಬರ್ ಸ್ಟಾಂಪು ಬಿದ್ದ ಒಂದು ಚೀಟಿ ಸಿಕ್ಕೈತಿ.

ಕಾಯ್ದೆ ಇನ್ನೂ ಹಂಗ ಐತಿ.
ಮಶೀನು ಸಂಘದ ಪಡಸಾಲಿಯಾಗ ಐತಿ,
ಅದರ ಮ್ಯಾಲ ಮುಂದಿನ ಸಹಿ ಹಾಳಿಗಳು.
ಕಂತು ತಪ್ಪಿಲ್ಲ.

ನಿನ್ನೆ ಚಪ್ಪಲಿ ಅಂಗಡಿಯಂವ ಹೊಸಾ ಬಿಲ್‌ಬುಕ್ಕು ನೋಡಿ
'ಕೆಳಗಿನ ಸಾಲು ಎಲ್ರಿ?' ಅಂದ.
'ಅಕ್ಷರ ಖಾಲಿ ಆಗ್ಯಾವ' ಅಂದೆ.
'ಕಂಪ್ಯೂಟರಿನಾಗ ಅಕ್ಷರ ಖಾಲಿ ಆಗತಾವೇನು!' ಅಂತ ನಕ್ಕ,
ಬಾಜೂ ಪ್ರೆಸ್ಸಿಗೆ ಹೋದ.

ಮುದ್ದು ಮಾಡೂ ಕರಪತ್ರ ಐದು ಸಾವಿರ
ಮೂಲಿಯಾಗ ಹಂಗ ಬಿದ್ದಾವ.
ಹಿಂದಿನ ಬದಿ ಖಾಲಿ.
ಹೋದ ಗಿರಾಕಿಗಳ ಲೆಕ್ಕ ಅದರ ಮ್ಯಾಲ ಬರೀತೀನಿ.